ಚಂಪಕ ಕಟ್ಟಿದ ಕಲ್ಲುಪಟ್ಟಿ

ನಾನು ಮಾತಿನ ಮಲ್ಲಿ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಾಗೆ ಹೇಳುವವರು ಯಾರೂ ನನ್ನ ಮಾತನ್ನು ಪೂರ್ತಿ ಕೇಳಿದವರಲ್ಲ. ಹತ್ತು ನಿಮಿಷ ಮಿಸುಕಾಡದೆ ಕೂತು ಕೇಳಿದವಳು ಒಬ್ಬಳೇ, ಕಲ್ಲುಕಟ್ಟುವ ಮರಿಬಸವಯ್ಯನ ಮಗಳು ಚಂಪಕ. ಅವಳಿಗೂ ಬೇರೆ ದಾರಿ ಇರಲಿಲ್ಲ ಅನ್ನಿ. ನಾಲಿಗೆಯ ಕೆಳಗೆ ಮಾತ್ರೆ ಇಟ್ಟುಕೊಂಡವರು ಅದು ಕರಗುವ ತನಕ ಮಾತಾಡುವ ಹಾಗಿಲ್ಲ, ಉಗುಳು ನುಂಗುವ ಹಾಗೂ ಇಲ್ಲ. ದಿನಾ ಆಸ್ಪತ್ರೆಯ ಬಾಗಿಲು ತೆಗೆಯುವಷ್ಟರಲ್ಲಿ ಬಂದು ಬೆಂಚಿನ ಮೇಲೆ ಕೂರುತ್ತಿದ್ದಳು. ಎದುರಿಗೆ ಸ್ಟೂಲಿನ ಮೇಲೆ ನಾನು, ಸುಗುಣ ಸಿಸ್ಟರು. ಮಾತ್ರೆ ಕರಗಿತೋ ಇಲ್ಲವೋ ನೋಡುವುದು ನನ್ನ ಕೆಲಸ. ನೋಡುತ್ತಾ ಸುಮ್ಮನೆ ಕೂರುವುದು ನನ್ನ ಕೈಲಾಗದ ಕೆಲಸ. ಹೀಗಾಗಿ ನನ್ನ ಮೂವರು ನಾದಿನಿಯರ ಜಗಳ, ನನ್ನ ಮದುವೆಯಲ್ಲಿ ಸಾರಿಗೆ ಉಪ್ಪು ಎರಡು ಸಲ ಬಿದ್ದದ್ದು, ನಮ್ಮ ಯಜಮಾನರು ಗಾಳಿಗೆ ಸಿಕ್ಕಿ ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಮೂರು ಗಂಟೆ ಕೂತಿದ್ದು, ಇವೆಲ್ಲವನ್ನೂ ಕಂತು ಕಂತಾಗಿ ಕೇಳಿದ ಹದಿನೇಳು ವರ್ಷದ ಹುಡುಗಿ ಪ್ರಪಂಚದಲ್ಲಿ ಅವಳೊಬ್ಬಳೇ.

ನಮ್ಮೂರಿನಲ್ಲಿ ಗಾಳಿ ಹನ್ನೊಂದಕ್ಕೆ ಏಳುತ್ತದೆ, ನಾಲ್ಕಕ್ಕೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಸೊಂಟಕ್ಕೆ ಕಲ್ಲುಪಟ್ಟಿ ಇಲ್ಲದೆ ಹೊಸ್ತಿಲು ದಾಟಿದವರು ಮೇಲಕ್ಕೆ ಹೋಗುತ್ತಾರೆ. ಕೆಲವರು ಹುಣಸೆಮರದಲ್ಲಿ ಸಿಕ್ಕಿಕೊಳ್ಳುತ್ತಾರೆ, ಏಣಿ ಬರುವುದಕ್ಕೆ ಮುಂಚೆ ಹೆಂಡತಿ ಬಂದು ಕೆಳಗೆ ನಿಂತು ಬಯ್ಯುತ್ತಾಳೆ. ಕೆಲವರು ಸಿಗುವುದೇ ಇಲ್ಲ. ಅದಕ್ಕೇ ಇಲ್ಲಿ ಮಗುವಿಗೆ ಹೆಸರಿಡುವ ದಿನವೇ ಹೆಸರುಕಾಳಿನ ಗಾತ್ರದ ಮೊದಲ ಕಲ್ಲನ್ನೂ ಕಟ್ಟುತ್ತಾರೆ. ಹೆಣ್ಣು ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, 'ಹುಡುಗಿಗೆ ಎಷ್ಟು ಕಿಲೋ?' ಎಂದು ಕೇಳುತ್ತಾರೆ. ನನಗೆ ಐದೂವರೆ. ಸಂಕೋಚವೇನಿಲ್ಲ.

ಇಡೀ ಊರಿಗೆ ಕಲ್ಲು ಕಟ್ಟುವವನು ಮರಿಬಸವಯ್ಯ. ಅವನ ಅಂಗಡಿಯ ತೊಲೆಗೆ ಮನುಷ್ಯರು ಕೂರುವಂಥ ತಕ್ಕಡಿ ತೂಗುಬಿದ್ದಿದೆ. ಒಂದು ತಟ್ಟೆಯಲ್ಲಿ ನೀವು, ಇನ್ನೊಂದರಲ್ಲಿ ಹೊಳೆಯ ನುಣ್ಣನೆ ಕಲ್ಲು. ತೂಗಿ, ಕಣ್ಣು ಕಿರಿದು ಮಾಡಿ, ಪಟ್ಟಿಯ ಜೇಬುಗಳಿಗೆ ಕಲ್ಲು ತುಂಬಿ ಬಿಗಿದನೆಂದರೆ ಮುಗಿಯಿತು. ಅವನು ಕಟ್ಟಿದ ಮೇಲೆ ಹಾರಿದವರಿಲ್ಲ. ಆ ಹೆಮ್ಮೆ ಅವನ ಮೀಸೆಯ ತುದಿಯ ತನಕ ಇತ್ತು. ತಕ್ಕಡಿ ಒಂದು ಮಾತು ಹೇಳಿದ ಮೇಲೆ ದೇವರೇ ಬಂದು ಬೇರೆ ಹೇಳಿದರೂ ಅವನು ಕೇಳುವವನಲ್ಲ.

ಅಂಥವನ ಮನೆಯಲ್ಲೇ ಹುಡುಗಿ ಹಗುರವಾದಳು. ಹದಿನೈದು ತುಂಬಿದ ವರ್ಷ ಹಳೇ ಗಿರಣಿಯ ಹಿಂದೆ ನಾಲ್ಕೈದು ಮಕ್ಕಳ ಜೊತೆ ಸೇರಿ ಒಂದು ಕಂದು ಪುಡಿ ತೆಗೆದುಕೊಳ್ಳಲು ಶುರು ಮಾಡಿದಳು. ಅದನ್ನು ತೆಗೆದುಕೊಂಡರೆ ಮೈ ಹತ್ತಿಯಾಗುತ್ತದೆ, ಕಲ್ಲು ಕಟ್ಟಿದ್ದರೂ ಕಾಲು ನೆಲ ಬಿಡುತ್ತದೆ. ಹುಟ್ಟಿದಾಗಿನಿಂದ 'ಹಾರಬೇಡ' ಎಂದೇ ಕೇಳಿಸಿಕೊಂಡು ಬೆಳೆದ ಮಕ್ಕಳು ಇನ್ನೇನು ಮಾಡಿಯಾವು? ಮೊದಮೊದಲು ಮಜಾ ಇತ್ತಂತೆ. ಆಮೇಲೆ ಮಜಾ ಹೋಯಿತು, ಪುಡಿ ಉಳಿಯಿತು. ಒಂದು ಹೊತ್ತು ತಪ್ಪಿದರೆ ಮೂಳೆ ಮೂಳೆ ನೋವು, ವಾಂತಿ, ಬೆವರು. ತೆಗೆದುಕೊಂಡರೆ ಇನ್ನಷ್ಟು ಹಗುರ. ಮರಿಬಸವಯ್ಯ ತನಗೆ ಗೊತ್ತಿದ್ದ ಒಂದೇ ವಿದ್ಯೆ ಪ್ರಯೋಗಿಸಿದ. ಕಲ್ಲು ಹಾಕಿದ. ಎಂಟು ಕಿಲೋ, ಹನ್ನೆರಡು, ಹದಿನೆಂಟು. ಮೂಗಿಗಿಂತ ಮೂಗುತಿ ಭಾರ ಅನ್ನುತ್ತಾರಲ್ಲ, ಹಾಗಾಯಿತು. ಹುಡುಗಿ ಹೊರಲಾರದೆ ಹೊತ್ತು ಬಗ್ಗಿ ನಡೆಯುತ್ತಿದ್ದಳು, ಆದರೂ ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ಅವಳ ತಾಯಿ ರೇವಮ್ಮ ಮಗಳನ್ನು ಸೀರೆಯಲ್ಲಿ ಕಂಬಕ್ಕೆ ಕಟ್ಟಿ ಪಕ್ಕದಲ್ಲಿ ಕೂತು ಅಳುತ್ತಿದ್ದಳು.

ಸೋಮವಾರ, ಶುಕ್ರವಾರ ನಮ್ಮ ಆಸ್ಪತ್ರೆಗೆ ಡಾಕ್ಟರ್ ನಸ್ರೀನ್ ಬರುತ್ತಾರೆ. ಅವರ ಸೊಂಟದ ಪಟ್ಟಿ ಬಹಳ ಸಣ್ಣದು, ಮಾತು ಅದಕ್ಕಿಂತ ಸಣ್ಣದು. 'ಇದು ಕೆಟ್ಟ ಬುದ್ಧಿ ಅಲ್ಲ, ಕಾಯಿಲೆ. ಮದ್ದಿದೆ' ಎಂದರು. ಆ ಮದ್ದಿನ ಹೆಸರು ಬ್ಯುಪ್ರಿನಾರ್ಫಿನ್. ಅದನ್ನು ತಪ್ಪಿಲ್ಲದೆ ಹೇಳಲು ನನಗೇ ಎರಡು ತಿಂಗಳು ಹಿಡಿಯಿತು, ಹಾಗಾಗಿ ಊರೆಲ್ಲ ಬರೀ 'ಮಾತ್ರೆ' ಅಂದಿತು. ದಿನಕ್ಕೊಂದು ಸಲ ಮಾತ್ರೆ, ವಾರಕ್ಕೊಂದು ಸಲ ಡಾಕ್ಟರಮ್ಮನ ಜೊತೆ ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತು. ಹತ್ತು ದಿನಕ್ಕೆ ಚಂಪಕಳ ಹಿಮ್ಮಡಿ ನೆಲ ಮುಟ್ಟಿತು. ತಿಂಗಳಿಗೆ ಸ್ಕೂಲಿಗೆ ಹೊರಟಳು. ಕಲ್ಲು ಇಳಿದು ಇಳಿದು ಉಳಿದ ಹುಡುಗಿಯರ ಹಾಗೆ ನಾಲ್ಕು ಕಿಲೋಗೆ ಬಂತು.

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಬರವೇ? 'ನಾನು ಕಟ್ಟಿದ ಕಲ್ಲಿನ ಗುಣ' ಎಂದ ಮರಿಬಸವಯ್ಯ. 'ನಾನು ಹಾಕಿದ ರಾಗಿಮುದ್ದೆ' ಎಂದಳು ರೇವಮ್ಮ. ಪಕ್ಕದ ಮನೆಯವರು ಯಾವುದೋ ತಾಯಿತದ ಹೆಸರು ಹೇಳಿದರು. ಮಾತ್ರೆಯ ಹೆಸರು ಎತ್ತಿದವರೆಲ್ಲ ಎತ್ತಿದ್ದು ಒಂದೇ ಪ್ರಶ್ನೆಗೆ: 'ಇನ್ನೂ ಎಷ್ಟು ದಿನ ಅಂತ ತಗೋತಾಳೆ?' ಬೇಕಾದಷ್ಟು ದಿನ ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಊರಿಗೆ ಉತ್ತರದ ಹಾಗೆ ಕೇಳಿಸಲಿಲ್ಲ.

ಅಷ್ಟರಲ್ಲಿ ಮರಿಬಸವಯ್ಯನ ಕಣ್ಣಿಗೆ ಪೊರೆ ಬಂತು. ತನ್ನ ಜಾಗಕ್ಕೆ ಮಗಳನ್ನು ತರಬೇಕೆಂದು ಅವನ ಆಸೆ. ಅವಳಿಗೆ ಅವನಿಗಿಂತ ಹೆಚ್ಚು ಆಸೆ. ಕರುಳಿನ ಆಸೆ ಮಾತ್ರ ಅಲ್ಲ, ಆ ಹುಡುಗಿಗೆ ಕೈಗುಣ ಇತ್ತು. ಅಪ್ಪ ಮನುಷ್ಯರ ಮೈ ನೋಡಿದರೆ ಮಗಳು ಕಾಲು ನೋಡುತ್ತಿದ್ದಳು. ಚಪ್ಪಲಿ ಎಲ್ಲಿ ಸವೆದಿದೆ, ಹೆಬ್ಬೆರಳು ಎಷ್ಟು ಒತ್ತುತ್ತದೆ, ಹಿಮ್ಮಡಿ ಎಷ್ಟು ಹೊತ್ತು ನೆಲದಲ್ಲಿರುತ್ತದೆ. ನೆಲ ಬಿಟ್ಟು ಬಂದವಳಿಗೆ ನೆಲದ ಲೆಕ್ಕ ಚೆನ್ನಾಗಿ ಗೊತ್ತಿತ್ತು ಎಂದು ನನಗನ್ನಿಸುತ್ತದೆ. ಮಾತ್ರೆ ಕರಗಿದ ಕೂಡಲೇ ಅವಳು ಆಡುತ್ತಿದ್ದ ಮೊದಲ ಮಾತು ಇದೇ: "ಸಿಸ್ಟರಕ್ಕ, ನಾನು ಅಂಗಡೀಲಿ ಕೂತ್ರೆ ನಿಮಗೆ ಅರ್ಧ ಕಿಲೋ ಇಳಿಸಿಕೊಡ್ತೀನಿ."

ಆದರೆ ಸುಮ್ಮನೆ ಅಂಗಡಿಯಲ್ಲಿ ಕೂರಲು ಬರುವುದಿಲ್ಲ. ಹೊಸದಾಗಿ ಕಲ್ಲು ಕಟ್ಟುವವರು ಗಾಳಿಯ ಹೊತ್ತಿನಲ್ಲಿ ಊರ ಹೊರಗಿನ ದಿಣ್ಣೆಯ ಮೇಲೆ, ಎಲ್ಲರ ಎದುರಿಗೆ, ತಕ್ಕಡಿಯಿಲ್ಲದೆ, ಹಿರಿಯರೊಬ್ಬರಿಗೆ ಪಟ್ಟಿ ಕಟ್ಟಬೇಕು. ಆ ಹಿರಿಯರು ದಿಣ್ಣೆಯ ಆ ತುದಿಯಿಂದ ಈ ತುದಿಗೆ ನಡೆದು ಬರಬೇಕು. ಕಟ್ಟುವವರಿಗೆ ತಮ್ಮ ಕಲ್ಲು ಬಿಟ್ಟು ಬೇರೆ ಆಸರೆ ಇರಬಾರದು. ಹಗ್ಗವಿಲ್ಲ, ಊರುಗೋಲಿಲ್ಲ, ಇನ್ನೊಬ್ಬರ ಕೈ ಇಲ್ಲ. ತಲೆಮಾರಿನಿಂದ ಬಂದ ನಿಯಮ. ಆ ವರ್ಷದ ಹಿರಿಯರು ಕೆಂಪಾಜಮ್ಮಣ್ಣಿಯವರು. ಎಪ್ಪತ್ತೆರಡು ವಯಸ್ಸು, ಏಳು ಕಿಲೋ ಕಲ್ಲು, ಗದರಿದರೆ ಗಾಳಿಯೇ ಪಕ್ಕಕ್ಕೆ ಸರಿಯುತ್ತದೆ ಅನ್ನುತ್ತಾರೆ. ಅವರು ಸೋಮವಾರ ಅಂಗಡಿಗೆ ಬಂದು ಹೇಳಿದರಂತೆ: "ಮರಿಬಸವಯ್ಯ, ಆ ಮಾತ್ರೇನೂ ಒಂದು ಆಸರೇನೇ ಅಲ್ವಾ? ಅದನ್ನ ಬಿಟ್ಟು ಬರಲಿ. ಕಟ್ಟಿಸ್ಕೋತೀನಿ."

ಪರೀಕ್ಷೆಗೆ ಇನ್ನು ಒಂಬತ್ತು ದಿನ ಇತ್ತು. ಮರುದಿನ ಚಂಪಕ ಆಸ್ಪತ್ರೆಗೆ ಬರಲಿಲ್ಲ.

ಮೊದಲ ದಿನ ನೆಗಡಿ ಇರಬೇಕು ಎಂದುಕೊಂಡು ನಾನು ಹತ್ತಿಯ ಡಬ್ಬಿಯ ಜೊತೆ ಮಾತಾಡಿದೆ. ಎರಡನೇ ದಿನ ಹತ್ತಿಯ ಡಬ್ಬಿಯೂ ಸಾಕಾಯಿತು, ಯಾರನ್ನೋ ಕಳಿಸಿ ವಿಚಾರಿಸಿದೆ, ಊರಿಗೆ ಹೋಗಿದ್ದಾಳೆ ಎಂಬ ಉತ್ತರ ಬಂತು. ಮೂರನೇ ದಿನ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. 'ಈಗಲೇ ಹೋಗಿ ನೋಡಿ' ಎಂದರು. ಊರಿಗೂ ಹೋಗಿರಲಿಲ್ಲ, ಕೇರಿಗೂ ಹೋಗಿರಲಿಲ್ಲ. ಹುಡುಗಿ ನಡುಮನೆಯಲ್ಲಿ ಚಾಪೆಯ ಮೇಲೆ ಮುದುಡಿದ್ದಳು. ಮೂಗು ಸೋರುತ್ತಿತ್ತು, ಬಿಟ್ಟು ಬಿಟ್ಟು ಆಕಳಿಕೆ, ತೋಳಿನ ತುಂಬ ರೋಮ ಎದ್ದು ನಿಂತಿತ್ತು. ಕಾಲು ತಾನೇ ತಾನಾಗಿ ಒದೆಯುತ್ತಿತ್ತು. ನನ್ನನ್ನು ನೋಡಿ ನಗಲು ನೋಡಿದಳು.

"ಇನ್ನು ಆರೇ ದಿನ ಸಿಸ್ಟರಕ್ಕ. ತಡ್ಕೋತೀನಿ" ಎಂದಳು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅಂಗಡಿಗೆ ನುಗ್ಗಿ ಮರಿಬಸವಯ್ಯನನ್ನು ತರಾಟೆಗೆ ತೆಗೆದುಕೊಂಡೆ. "ಏನಯ್ಯಾ, ನೀನು ಅಪ್ಪನೋ ಶನಿಯೋ? ಅವಳ ಮೈ ಆ ಪುಡಿ ಮರೆತು ವರ್ಷ ಆಯ್ತು. ನಾಳೆ ತಡೀಲಾರದೆ ಗಿರಣಿ ಹಿಂದೆ ಹೋಗಿ ಮೊದಲಿನಷ್ಟೇ ತಗೊಂಡ್ಳು ಅನ್ಕೋ, ಉಸಿರೇ ನಿಂತ್ಹೋಗುತ್ತೆ. ಹಾರಿಹೋದೋರನ್ನ ಮರದ ಮೇಲಾದ್ರೂ ಹುಡುಕಬಹುದು. ಹಾಗೆ ಹೋದ್ರೆ ಎಲ್ಲಿ ಹುಡುಕ್ತೀಯ?"

"ಅವಳೇ ಒಪ್ಕೊಂಡಿದ್ದಾಳೆ. ಒಂಬತ್ತು ದಿನದ ಮಾತು" ಎಂದ ಅವನು, ತಲೆ ಎತ್ತದೆ. "ಆಸರೆ ಇಟ್ಕೊಂಡು ಗೆಲ್ಲೋದು ಗೆಲುವೇನಮ್ಮಾ?"

"ಹಾಗಾದ್ರೆ ನಲವತ್ತು ವರ್ಷದಿಂದ ನೀನು ಊರಿಗೆ ಕಟ್ತಿರೋದೇನು?"

"ಅದು ಕಲ್ಲು."

"ಕಲ್ಲು ಆಸರೆ ಅಲ್ವಾ?"

"ಕಲ್ಲು ಕಲ್ಲೇ."

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನಾನು ಇನ್ನೂ ಕಾಲುಗಂಟೆ ಮಾತಾಡಿದೆ. ಡಾಕ್ಟರಮ್ಮ ಹೇಳಿದ್ದು, ನಾನು ಓದಿದ್ದು, ನನ್ನ ದೊಡ್ಡ ನಾದಿನಿಯ ಸಕ್ಕರೆ ಕಾಯಿಲೆ, ಆಕೆ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್, ಏನೂ ಬಿಡಲಿಲ್ಲ. ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಜೀವಮಾನವಿಡೀ ಮಾತಾಡಿದ್ದೇನೆ, ಬೇಕಾದ ದಿನ ಒಂದು ಮಾತೂ ನಾಟಲಿಲ್ಲ. ಸೋತು ಮೆಟ್ಟಿಲಿಳಿಯುವಾಗ ತಿರುಗಿ, "ನನ್ನ ಮಾತು ಬಿಡು, ನಿನ್ನ ತಕ್ಕಡೀನ ಕೇಳು" ಎಂದೆ. ಅಂದದ್ದು ಸಿಟ್ಟಿಗೆ, ಬುದ್ಧಿವಂತಿಕೆಗಲ್ಲ.

ಆಮೇಲೆ ಆದದ್ದನ್ನು ರೇವಮ್ಮ ಹೇಳಿದಳು. ನಾನು ಹೋದ ಮೇಲೆ ಅವನು ಎದ್ದು ನಡುಮನೆಗೆ ಹೋದನಂತೆ. ಮಗಳನ್ನು ಎತ್ತಿ ತಂದು ತಟ್ಟೆಯಲ್ಲಿ ಕೂರಿಸಿದ. ಪರೀಕ್ಷೆಯ ಮಾತು ಬಂದ ಸೋಮವಾರ ತೂಗಿದ್ದಕ್ಕಿಂತ ಆರು ಕಿಲೋ ಕಡಿಮೆ. ಊಟ ಸೇರಿಲ್ಲ, ಅದಕ್ಕೇ ಇರಬೇಕು ಎಂದುಕೊಂಡು ಮಜ್ಜಿಗೆ ಅನ್ನ ತಿನ್ನಿಸಿ ಮತ್ತೆ ತೂಗಿದ. ಇನ್ನೂ ಅರ್ಧ ಕಿಲೋ ಇಳಿದಿತ್ತು. ಕಲ್ಲು ಬದಲಾಯಿಸಿದ. ತಟ್ಟೆಯ ಸರಪಳಿ ಉಜ್ಜಿದ. ತಕ್ಕಡಿಯೇ ಕೆಟ್ಟಿದೆಯೋ ಎಂದು ತಾನು ಕೂತು ನೋಡಿದ, ರೇವಮ್ಮನನ್ನು ಕೂರಿಸಿದ, ಕೊನೆಗೆ ರುಬ್ಬುಗುಂಡನ್ನು ಕೂರಿಸಿದ. ಎಲ್ಲರ ತೂಕವೂ ಸರಿಯಾಗಿತ್ತು, ಮಗಳದ್ದು ಬಿಟ್ಟು. ನಾಲ್ಕನೇ ಸಲ ತೂಗುವಾಗ ತಟ್ಟೆ ತಾನಾಗಿ ಮೇಲೇಳುತ್ತಾ ಹೋಯಿತಂತೆ. ವರ್ಷವಿಡೀ ಅವಳನ್ನು ನೆಲದ ಮೇಲೆ ಇರಿಸಿದ್ದು ಯಾವುದು ಎಂದು ಆ ಮನುಷ್ಯನಿಗೆ ಆಗ ತಿಳಿಯಿತು. ತಕ್ಕಡಿಯ ಮುಂದೆ ಅವನು ಎಂದೂ ವಾದ ಮಾಡಿದವನಲ್ಲ.

ನಾನು ಆಸ್ಪತ್ರೆಯ ಕಿಟಕಿಯಲ್ಲಿ ನಿಂತಿದ್ದೆ. ಗಾಳಿ ಜೋರಾಗಿ ಬೀಸುವ ಒಂದು ಗಂಟೆಯ ಹೊತ್ತು. ಬೀದಿಯ ತುದಿಯಲ್ಲಿ ಮರಿಬಸವಯ್ಯ ಬಗ್ಗಿಕೊಂಡು ಬರುತ್ತಿದ್ದ. ಬಾವಿಯ ಹಗ್ಗದಲ್ಲಿ ಮಗಳ ಪಟ್ಟಿಯನ್ನು ತನ್ನ ಪಟ್ಟಿಗೆ ಬಿಗಿದಿದ್ದ. ಅವಳು ಅವನ ಹೆಗಲ ಮೇಲೆ ಒಂದು ಗೇಣು ಎತ್ತರದಲ್ಲಿ ತೇಲುತ್ತಿದ್ದಳು. ಅವನು ಎರಡು ಕೈಯಲ್ಲೂ ಅವಳ ಪಾದ ಹಿಡಿದುಕೊಂಡಿದ್ದ. ಒಳಗೆ ಬಂದವನೇ "ಕೊಡಿ ಆ ಮಾತ್ರೇನ" ಎಂದ.

ಹಾಗೆ ಕೇಳಿದ ತಕ್ಷಣ ಕೊಡುವಂಥದ್ದಲ್ಲ ಅದು. ನನ್ನ ಫೋನ್ ಬಂದದ್ದಕ್ಕೆ ಶುಕ್ರವಾರದ ತನಕ ಕಾಯದೆ ಗುರುವಾರವೇ ಹೊರಟುಬಂದಿದ್ದ ಡಾಕ್ಟರಮ್ಮ ಅಷ್ಟರಲ್ಲಿ ಬಂದಿಳಿದರು. ಎಲ್ಲರನ್ನೂ ಹೊರಗೆ ಕಳಿಸಿ, ನನ್ನನ್ನು ಮಾತ್ರ ಇರಿಸಿಕೊಂಡು, ಮೆತ್ತಗೆ ಕೇಳಿದರು: "ನಡುವೆ ಏನಾದ್ರೂ ತಗೊಂಡೆಯಾ ಮಗಳೇ? ಬಯ್ಯಲ್ಲ. ನಾನು ಎಷ್ಟು ಕೊಡಬೇಕು ಅಂತ ಗೊತ್ತಾಗ್ಬೇಕು, ಅಷ್ಟೇ."

"ಇಲ್ಲ ಮೇಡಂ" ಎಂದಳು ಚಂಪಕ. "ನಿನ್ನೆ ಗಿರಣಿ ತನಕ ಹೋಗಿದ್ದೆ. ಗೋಡೆ ಮುಟ್ಟಿ ವಾಪಸ್ ಬಂದೆ."

ಇನ್ನೊಂದು ಹೆಜ್ಜೆ ಹಾಕಿದ್ದರೆ ಈ ಕಥೆ ಹೇಳುವ ಬಾಯಿ ನನಗಿರುತ್ತಿರಲಿಲ್ಲ. ಡಾಕ್ಟರಮ್ಮ ಅವಳ ತಲೆ ನೇವರಿಸಿ, ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಹೊರಗೆ ಬಂದು ಮರಿಬಸವಯ್ಯನಿಗೂ ನಾಲ್ಕು ಮಾತು ಹೇಳಿದರು, ಮದ್ದನ್ನು ಏರಿಸುವುದು ಇಳಿಸುವುದು ಡಾಕ್ಟರನ್ನು ಕೇಳಿ ಮಾಡಬೇಕು, ಪಂಚಾಯಿತಿಯನ್ನು ಕೇಳಿ ಅಲ್ಲ ಎಂದು. ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ಒಳಗೆ ಮಾತ್ರೆ ಕರಗುವ ತನಕ ಆ ದಿನ ನಾನು ಒಂದು ಮಾತೂ ಆಡಲಿಲ್ಲ. ಚಂಪಕಳಿಗೇ ಗಾಬರಿಯಾಗಿ, ಸಿಸ್ಟರಿಗೆ ಏನಾಯಿತು ಎಂದು ಕೈಸನ್ನೆಯಲ್ಲಿ ಕೇಳಿದಳು.

ಪರೀಕ್ಷೆಯ ದಿನಕ್ಕೆ ಹುಡುಗಿ ಗಟ್ಟಿಯಾಗಿ ನೆಲದ ಮೇಲಿದ್ದಳು. ದಿಣ್ಣೆಯ ಮೇಲೆ ಊರಿಗೆ ಊರೇ ಸೇರಿತ್ತು. ಕಡಲೆಕಾಯಿ ಮಾರುವವನು ತನ್ನ ಬುಟ್ಟಿಗೂ ಎರಡು ಕಲ್ಲು ಕಟ್ಟಿಕೊಂಡು ಬಂದಿದ್ದ. ಗಾಳಿ ಸೆರಗು, ಪಂಚೆ, ಮುದುಕರ ಗಡ್ಡ ಎಲ್ಲವನ್ನೂ ಒಂದೇ ದಿಕ್ಕಿಗೆ ಎಳೆಯುತ್ತಿತ್ತು. ಚಂಪಕ ಕಲ್ಲಿನ ತಟ್ಟೆ ಮುಂದಿಟ್ಟುಕೊಂಡು ನಿಂತಳು. ಕೆಂಪಾಜಮ್ಮಣ್ಣಿಯವರು ಅವಳ ಎದುರಿಗೆ ಬಂದರು.

"ಮಾತ್ರೆ ಬಿಟ್ಯಾ?"

ಸುಳ್ಳು ಹೇಳಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನಂತೂ ಬಾಯಿ ಬಿಡುತ್ತಿರಲಿಲ್ಲ, ಬೇರೆಯವರ ಮದ್ದಿನ ವಿಷಯ ಆಡಬಾರದೆಂಬ ಒಂದೇ ಒಂದು ನಿಯಮ ನನ್ನ ನಾಲಿಗೆಗೂ ಇದೆ.

"ಇಲ್ಲ ಅಮ್ಮಣ್ಣಿಯವರೇ" ಎಂದಳು ಹುಡುಗಿ. "ಇವತ್ತು ಬೆಳಿಗ್ಗೇನೂ ತಗೊಂಡೇ ಬಂದೆ. ನಾಳೇನೂ ತಗೋತೀನಿ."

"ಹಾಗಾದ್ರೆ ನನ್ನ ಜೀವ ನಿನ್ನ ಕೈಗೆ ಕೊಡಲ್ಲಮ್ಮ. ನನಗೆ ಮೊಮ್ಮಕ್ಕಳಿದ್ದಾರೆ" ಎಂದು ಅವರು ಪಕ್ಕಕ್ಕೆ ಸರಿದು ನಿಂತರು. ಜನ ಗುಸುಗುಸು ಎಂದರು. ಚಂಪಕಳ ಕೈ ತಟ್ಟೆಯ ಅಂಚಿನಲ್ಲೇ ನಿಂತಿತು. ಅವಳ ಮುಖ ನೋಡಲಾಗದೆ ನಾನು ಭಾಷಣಕ್ಕೆ ಬಾಯಿ ತೆರೆದೆ. ಆದರೆ ನನಗಿಂತ ಮೊದಲು ಮರಿಬಸವಯ್ಯ ಮುಂದೆ ಬಂದ. ಮಗಳ ಎದುರಿಗೆ ನಿಂತು ತನ್ನ ಪಟ್ಟಿಯ ಕೊಂಡಿ ತೆಗೆದ. ನಲವತ್ತು ವರ್ಷದಿಂದ ಬೇರೆಯವರು ಮುಟ್ಟಿರದ ಪಟ್ಟಿ ಧೊಪ್ಪೆಂದು ನೆಲಕ್ಕೆ ಬಿತ್ತು, ಜೇಬಿನ ಒಂಬತ್ತು ಕಲ್ಲೂ ಚೆಲ್ಲಿದವು. ಅವನು ಮೇಲಕ್ಕೆ ಹೊರಟ.

ಕೂಗು ಎದ್ದಿತು. ರೇವಮ್ಮ ಕಣ್ಣು ಮುಚ್ಚಿಕೊಂಡಳು. ಚಂಪಕ ಒಂದು ಕೈಯಲ್ಲಿ ಅಪ್ಪನ ಕಣಕಾಲು ಹಿಡಿದಳು. ಆ ಕಾಲನ್ನು, ಅದರ ಹಿಮ್ಮಡಿಯನ್ನು ಒಂದು ಗಳಿಗೆ ನೋಡಿದಳು. ಇನ್ನೊಂದು ಕೈ ಚೆಲ್ಲಿದ ಕಲ್ಲುಗಳಿಗೆ ಹೋಯಿತು. ಎಳೆದು ಇಳಿಸಿ, ಖಾಲಿ ಪಟ್ಟಿ ಸುತ್ತಿ, ಮೊಣಕಾಲಿನಲ್ಲಿ ಅವನ ಪಾದ ಒತ್ತಿ ಹಿಡಿದು, ಒಂದೊಂದೇ ಕಲ್ಲು ಜೇಬಿಗೆ ಹಾಕತೊಡಗಿದಳು. ಆರು ಕಲ್ಲು ಹಾಕಿ ಕೊಂಡಿ ಬಿಗಿದುಬಿಟ್ಟಳು.

"ಒಂಬತ್ತು ಕಣೇ ನಂದು! ಒಂಬತ್ತು!" ಎಂದು ಅವನು ಗಾಳಿಯಲ್ಲಿ ಚೀರಿದ.

"ಸುಮ್ಮನೆ ನಡಿ ಅಪ್ಪಾ."

ಅವಳು ಕೈ ಬಿಟ್ಟಳು. ದೊಡ್ಡ ಬೀಸು ಬಂತು. ಅವನ ಹಿಮ್ಮಡಿ ಕೂದಲೆಳೆಯಷ್ಟು ಎದ್ದಿತು, ಮತ್ತೆ ನೆಲಕ್ಕೆ ಕೂತಿತು, ಅಲ್ಲೇ ಉಳಿಯಿತು. ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ದಿಣ್ಣೆಯ ಅರ್ಧಕ್ಕೆ ಬರುವಾಗ ಅವನ ಬೆನ್ನು ನೆಟ್ಟಗಾಯಿತು, ಆ ತುದಿ ಮುಟ್ಟಿ ತಿರುಗಿದವನು ಹೆಚ್ಚುಕಡಿಮೆ ಓಡಿಯೇ ಬಂದ. ಅಷ್ಟು ಚುರುಕಾಗಿ ಅವನು ನಡೆದದ್ದನ್ನು ನಾನು ನೋಡಿ ಎರಡು ವರ್ಷವಾಗಿತ್ತು.

"ಮೂರು ಕಮ್ಮಿ ಹೆಂಗೇ ಆಯ್ತು?" ಎಂದು ಏದುಸಿರು ಬಿಡುತ್ತಾ ಕೇಳಿದ.

ಚಂಪಕ ನೆಲದ ಮೇಲೆ ಉಳಿದಿದ್ದ ಅವನ ಮೂರು ಕಲ್ಲುಗಳನ್ನು ಆಯ್ದು ಮಡಿಲಿಗೆ ಹಾಕಿಕೊಂಡಳು. "ಇವು ನಿಂದಲ್ಲಪ್ಪಾ. ನಾನು ಹಾರ್ತಿದ್ದ ವರ್ಷ ನನ್ನ ಹಿಡ್ಕೊಳ್ಳೋಕೆ ಅಂತ ನೀನು ಸೇರಿಸ್ಕೊಂಡಿದ್ದೆ. ತೆಗೆಯೋದೇ ಮರ್ತಿದ್ದೀಯ. ಇನ್ನು ಬೇಡ ಇವು."

ಮರಿಬಸವಯ್ಯ ಊರೆಲ್ಲರ ಎದುರಿಗೆ ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ನನಗೇನು ನಾಚಿಕೆ. ರೇವಮ್ಮ ಕಣ್ಣು ತೆರೆದು, ಗಂಡ ನೆಲದ ಮೇಲಿದ್ದಾನೆ ಎಂದು ಖಾತ್ರಿ ಮಾಡಿಕೊಂಡು, ಆಮೇಲೆ ನಿಧಾನವಾಗಿ ಬಯ್ಯಲು ಶುರು ಮಾಡಿದಳು.

ಕೆಂಪಾಜಮ್ಮಣ್ಣಿಯವರು ಗುಂಪಿನಿಂದ ಹೊರಗೆ ಬಂದರು. ತಮ್ಮ ಸೊಂಟದ ಏಳು ಕಿಲೋ ಮೇಲೆ ಕೈಯಿಟ್ಟುಕೊಂಡು, ತಮ್ಮ ಕಾಲನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು. ಆಮೇಲೆ ಹುಡುಗಿಯತ್ತ ನೋಡದೆ ಕೇಳಿದರು.

"ನಾಳೆ ಅಂಗಡಿ ಎಷ್ಟು ಹೊತ್ತಿಗೆ ತೆಗೀತೀಯ?"

"ಹತ್ತಕ್ಕೆ" ಎಂದಳು ಚಂಪಕ, ಎಲ್ಲರಿಗೂ ಕೇಳಿಸುವ ಹಾಗೆ. "ಅದಕ್ಕೆ ಮುಂಚೆ ಆಸ್ಪತ್ರೆಗೆ ಹೋಗಿ ಮಾತ್ರೆ ತಗೋಬೇಕು."

"ತಗೊಂಡೇ ಬಾ" ಎಂದರು ಅಮ್ಮಣ್ಣಿಯವರು. "ನಾನು ಕಾಯ್ತೀನಿ."